ಹಳದಿ ದೋಣಿಯ ಕೆಂಪು ವೈರು

"ಹನ್ನೆರಡೂವರೆ!" ತಮ್ಮ ತನ್ನ ಮೀಟರನ್ನು ನನ್ನ ಮೂಗಿನ ಹತ್ತಿರ ತಂದ. "ಕಣ್ಣಾರೆ ನೋಡು ಅಣ್ಣ. ಪಂಪಿನ ತುದೀಲಿ ಪೂರ್ತಿ ಹನ್ನೆರಡೂವರೆ ವೋಲ್ಟು. ಮೊನ್ನೆ ಬೆಳಿಗ್ಗೆ ದೋಣಿ ಹೊರಡೋಕೆ ಮುಂಚೆಯೂ ಇಷ್ಟೇ ತೋರಿಸಿತ್ತು. ವೈರಲ್ಲಿ ದೋಷ ಇಲ್ಲ."

ದೋಷ ಇಲ್ಲವಂತೆ! ದೋಷವಿಲ್ಲದ ದೋಣಿಯ ಮಾಲೀಕ ಆಸ್ಪತ್ರೆಯಲ್ಲಿ ಮಾತಿಲ್ಲದೆ ಮಲಗಿದ್ದ. ಮೊನ್ನೆ ಸಮುದ್ರದ ನಡುವೆ ಈ ಹಳದಿ ದೋಣಿಯ ತಳದಲ್ಲಿ ನೀರು ತುಂಬಿ, ಅದನ್ನು ಎತ್ತಿ ಹೊರಗೆ ಹಾಕಬೇಕಾದ ಪಂಪು ತಿರುಗದೆ, ಬ್ಯಾಟರಿ ಮುಳುಗಿ, ಇಂಜಿನ್ನು, ದೀಪ, ವೈರ್‌ಲೆಸ್ಸು ಎಲ್ಲವೂ ಸತ್ತಿದ್ದವು. ಗಡ್ಡದ ಮಾಲೀಕ ಒಬ್ಬನೇ ಎದೆಮಟ್ಟದ ನೀರಿನಲ್ಲಿ ದೋಣಿಯ ಅಂಚು ಹಿಡಿದು ನಿಂತಿದ್ದನಂತೆ. ನಿನ್ನೆ ಮಧ್ಯಾಹ್ನ ಬೇರೆ ದೋಣಿಯವರು ಕಂಡು, ಅವನನ್ನೂ ದೋಣಿಯನ್ನೂ ಎಳೆದು ತಂದರು.

ಈ ದೋಣಿಯ ಕರೆಂಟು ಕೆಲಸವೆಲ್ಲ ನನ್ನ ತಮ್ಮನದು. ಅದನ್ನು ಪರೀಕ್ಷೆ ಮಾಡಿ ವರದಿ ಬರೆಯಬೇಕಾದವನು ನಾನು. ಸಂಜೆ ನಾಲ್ಕಕ್ಕೆ ಬಂದರಿನ ಅಧಿಕಾರಿ ಮೇಡಂ ಬರುವವರಿದ್ದರು. ವೈರಿಂಗಿನ ತಪ್ಪು ಎಂದು ನಾನು ಒಂದು ಸಾಲು ಬರೆದರೆ ತಮ್ಮನ ಲೈಸೆನ್ಸು ರದ್ದು, ಮೇಲೆ ಪೊಲೀಸ್ ಕೇಸು.

"ಅವನು ನನ್ನ ಒಡಹುಟ್ಟಿದವನು ಮೇಡಂ," ಎಂದು ಬೆಳಿಗ್ಗೆಯೇ ಹೇಳಿದ್ದೆ.

"ಗೊತ್ತು ಮೇಸ್ತ್ರಿ. ಅದಕ್ಕೇ ನಿಮ್ಮನ್ನ ಕರೆದಿದ್ದು. ನೀವು ಅವನ ಪರವಾಗಿ ಸುಳ್ಳು ಬರೆಯೋರಲ್ಲ ಅಂತ ಇಡೀ ಬಂದರಿಗೇ ಗೊತ್ತು."

ಅದು ಹೊಗಳಿಕೆಯೋ ಬೈಗುಳವೋ ಎಂದು ಅರ್ಥವಾಗಲು ನಾನು ಜೆಟ್ಟಿಯ ತುದಿಯ ತನಕ ನಡೆಯಬೇಕಾಯಿತು.

ಹೌದು, ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನು ಬಂತು? ಅವನ ಕೈಗೆ ಮೊದಲ ಸಲ ಸ್ಕ್ರೂಡ್ರೈವರ್ ಕೊಟ್ಟವನು ನಾನು. ಮೂರು ವರ್ಷದ ಹಿಂದೆ ನನ್ನ ಅಂಗಡಿ ಬಿಟ್ಟು, ಲೋಕದಲ್ಲಿ ಬೇರೆಲ್ಲೂ ಜಾಗವೇ ಇಲ್ಲವೇನೋ ಎಂಬಂತೆ ನನ್ನೆದುರಿಗೇ ಅಂಗಡಿ ಇಟ್ಟ. ಬಂದರಿನವರು ಅವನನ್ನು 'ಮೀಟರ್' ಎಂದು ಪ್ರೀತಿಯಿಂದ ಕರೆಯುತ್ತಾರೆ. ನನ್ನನ್ನು 'ಬಲ್ಬು ಮೇಸ್ತ್ರಿ' ಎನ್ನುತ್ತಾರೆ, ಮುಸಿಮುಸಿ ನಗುತ್ತಾ. ಬೆಳಿಗ್ಗೆ ಶಟರ್ ಎತ್ತಿದರೆ ಅವನ ಬಾಗಿಲಲ್ಲಿ ನಾಲ್ಕು ಜನ ನಿಂತಿರುತ್ತಾರೆ, ನನ್ನ ಬೆಂಚಿನ ಮೇಲೆ ಬೆಕ್ಕು ಮಲಗಿರುತ್ತದೆ. ಆ ಬೆಕ್ಕು ಕೂಡ ಮಧ್ಯಾಹ್ನದ ಮೇಲೆ ಎದುರಿನ ಅಂಗಡಿಗೆ ಹೋಗುತ್ತದೆ. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

"ಆ ಆಟದ ಸಾಮಾನು ಒಳಗಿಡು," ಎಂದೆ. "ಪಂಪು ತೋರಿಸು."

ಪಂಪನ್ನು ಬಿಚ್ಚಿ, ಪರೀಕ್ಷೆಗೆಂದು ದೋಣಿಗೆ ಹಾಕಿದ್ದ ಹೊಸ ಬ್ಯಾಟರಿಗೆ ನೇರವಾಗಿ ಹಚ್ಚಿದೆ. ಗರ್ರನೆ ತಿರುಗಿತು. ನೀರು ಏರಿದಾಗ ಪಂಪನ್ನು ತಾನಾಗಿ ಚಾಲೂ ಮಾಡುವ ತೇಲುವ ಸ್ವಿಚ್ಚನ್ನು ಬೆರಳಿನಿಂದ ಎತ್ತಿದೆ. ಟಕ್ ಎಂದಿತು. ಫ್ಯೂಸು ಸುಟ್ಟಿರಲಿಲ್ಲ. ಹಳೆಯ ಬ್ಯಾಟರಿ ಕೆಟ್ಟಿತ್ತು, ಆದರೆ ಅದು ನೀರು ಕುಡಿದ ಮೇಲೆ ಕೆಟ್ಟದ್ದು. ನೀರು ಬರಲು ಅದು ಕಾರಣವಲ್ಲ.

"ಪಂಪು ಸರಿ, ಸ್ವಿಚ್ಚು ಸರಿ, ಫ್ಯೂಸು ಸರಿ," ತಮ್ಮ ಬೆರಳು ಮಡಿಸಿದ. "ವೈರಲ್ಲೂ ವೋಲ್ಟು ಬರ್ತಿದೆ. ಮತ್ತೆ ತಿರುಗಲಿಲ್ಲ ಯಾಕೆ?"

"ನೀನು ಮೀಟರಲ್ಲವೇನೋ, ನೀನೇ ಹೇಳು."

ನಾನು ಚೀಲದಿಂದ ನನ್ನ ಬಲ್ಬು ತೆಗೆದೆ. ಹಳೇ ಲಾರಿಯ ಹೆಡ್‌ಲೈಟಿನ ಬಲ್ಬು, ಅದಕ್ಕೆ ಎರಡು ವೈರು. ಒಂದು ವೈರಿನ ತುದಿಗೆ ಕ್ಲಿಪ್ಪು, ಇನ್ನೊಂದರ ತುದಿಗೆ ಗೋಣಿ ಹೊಲಿಯುವ ದಬ್ಬಳ. ಇಂಥದ್ದು ಈ ಬಂದರಿನಲ್ಲಿ ಬೇರೆ ಯಾರ ಹತ್ತಿರವೂ ಇಲ್ಲ. ಹನ್ನೆರಡೂವರೆ ತೋರಿಸಿದ ಅದೇ ತುದಿಗೆ ಬಲ್ಬು ಹಚ್ಚಿದೆ.

ಹೊತ್ತಲಿಲ್ಲ. ಒಳಗಿನ ತಂತಿ ಕೆಂಪಗಾಯಿತು, ಅಷ್ಟೆ.

"ಈಗ ಇಡು ನಿನ್ನ ಮೀಟರು. ಬಲ್ಬು ತೆಗೀಬೇಡ. ಇದ್ದ ಹಾಗೇ ಇಟ್ಟು ನೋಡು."

ಇಟ್ಟ. ಮೀಟರಿನ ಅಂಕಿ ಸರಸರ ಇಳಿದು ಎರಡಕ್ಕೆ ನಿಂತಿತು. ಅವನ ಮುಖವೂ ಅದರ ಜೊತೆಗೇ ಇಳಿಯಿತು.

"ಹೊರೆ ಹೊರಿಸದೆ ಎತ್ತಿನ ಬಲ ಹೇಳೋಕಾಗುತ್ತೇನೋ? ಬರೀ ತುದಿ ಮುಟ್ಟಿ ನೋಡಿದ್ರೆ ವೋಲ್ಟು ಇದ್ದೇ ಇರುತ್ತೆ. ಕೆಲಸ ಕೊಟ್ಟಾಗ ನಿಲ್ಲುತ್ತಾ ಅಂತ ನೋಡ್ಬೇಕು. ಇದನ್ನ ನಿನಗೆ ಮೊದಲ ವಾರವೇ ಹೇಳಿಕೊಟ್ಟಿದ್ದೆ."

"ಹೌದು," ಎಂದ ಸಣ್ಣ ದನಿಯಲ್ಲಿ. "ಮೊನ್ನೆ ಅವಸರ ಇತ್ತು. ಪಂಪು ಓಡಿಸಿ ನೋಡಲಿಲ್ಲ. ಹೋಗ್ಬನ್ನಿ ಅಂದೆ."

ನಿಜ ಹೇಳುತ್ತೇನೆ, ಆಗ ನನಗೆ ಆಸ್ಪತ್ರೆಯಲ್ಲಿದ್ದ ಗಡ್ಡದವನ ನೆನಪೇ ಇರಲಿಲ್ಲ. ಎದುರಿನ ಅಂಗಡಿಯ ಶಟರು ಇಳಿದ ಹಾಗೆ, ಆ ನಾಲ್ಕು ಜನ ಬೀದಿ ದಾಟಿ ನನ್ನ ಕಡೆ ಬಂದ ಹಾಗೆ ಕಣ್ಣ ಮುಂದೆ ಬಂತು. ಹಾಲು ಕುಡಿದಷ್ಟು ಖುಷಿಯಾಯಿತು. ಇಂಥವನು ನಾನು.

ಬ್ಯಾಟರಿಯಿಂದ ಸ್ವಿಚ್ಚಿಗೆ ಹೋಗುವ ಕೆಂಪು ವೈರು ದೋಣಿಯ ತಳದ ಹಲಗೆಯ ಕೆಳಗೆ ಹಾದು ಹೋಗಿತ್ತು. ಹಲಗೆ ಎತ್ತಿದೆವು. ಡೀಸೆಲ್ಲೂ ಮೀನೂ ಸೇರಿದ ವಾಸನೆ ಗಪ್ಪನೆ ಬಂತು. ಅಭ್ಯಾಸಬಲದಿಂದ ವೈರು ಎತ್ತಿ ದಬ್ಬಳ ಚುಚ್ಚಲು ಹೋದೆ. ತಮ್ಮ ಫಕ್ಕನೆ ನನ್ನ ಮಣಿಕಟ್ಟು ಹಿಡಿದ.

"ಬೇಡ ಅಣ್ಣ. ದೋಣೀಲಿ ಚುಚ್ಚಬೇಡ."

ಮೂರು ವರ್ಷದ ಹಿಂದೆ ನಾವು ಬೇರೆಯಾದದ್ದೂ ಇದೇ ಮಾತಿನ ಮೇಲೆ. ಲಾರಿ, ಟ್ರ್ಯಾಕ್ಟರ್‌ಗಳ ಕರೆಂಟು ಕೆಲಸ ಮಾಡಿಕೊಂಡಿದ್ದ ಕಾಲದಲ್ಲಿ ಕಲಿತದ್ದು ನಾನು. ವೈರಿನ ಮೈಗೆ ದಬ್ಬಳ ಚುಚ್ಚಿ ಬಲ್ಬು ಹೊತ್ತುತ್ತದೋ ಇಲ್ಲವೋ ನೋಡಿದರೆ ಕರೆಂಟು ಎಲ್ಲಿವರೆಗೆ ಬಂದಿದೆ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ, ವೈರು ಕತ್ತರಿಸುವ ಗೋಜಿಲ್ಲ. ದೋಣಿಯಲ್ಲಿ ಮಾತ್ರ ಆ ತೂತಿನಿಂದ ಉಪ್ಪುನೀರು ಒಳಗೆ ಹೋಗುತ್ತದೆ, ಒಳಗಿನ ತಾಮ್ರ ಕೊಳೆಯುತ್ತದೆ. "ಟೇಪು ಸುತ್ತಿದ್ರೆ ಆಯ್ತು," ಎನ್ನುತ್ತಿದ್ದೆ ನಾನು. "ಆಗಲ್ಲ," ಎನ್ನುತ್ತಿದ್ದ ಅವನು, ಗಿರಾಕಿಗಳ ಎದುರಿಗೇ. ಗುರುವಿಗೇ ತಿರುಮಂತ್ರ! ಅವನು ಹೇಳಿದ್ದು ಸರಿ ಎಂದು ನನಗೆ ಅವತ್ತೇ ಗೊತ್ತಿತ್ತು. ಅದೇ ಸಹಿಸಲಾಗದ್ದು.

ಕೈ ಕೊಸರಿಕೊಂಡೆ. ದಬ್ಬಳ ಪಕ್ಕಕ್ಕಿಟ್ಟು, ವೈರನ್ನು ಎರಡು ಬೆರಳ ನಡುವೆ ಹಿಡಿದು ಇಂಚಿಂಚೇ ಸವರುತ್ತಾ ಹೋದೆ. ಪಂಪು ಕೂರುವ ತಗ್ಗಿಗೆ ಇನ್ನೊಂದು ಮೊಳ ಇರುವಾಗ ಬೆರಳಿಗೆ ಉಬ್ಬು ಸಿಕ್ಕಿತು. ಚಾಕುವಿನಿಂದ ಮೇಲಿನ ಪ್ಲಾಸ್ಟಿಕ್ ಸೀಳಿದೆ. ಒಳಗೆ ಹಸಿರು ಪುಡಿ. ತಾಮ್ರದ ಎಳೆಗಳೆಲ್ಲ ಉದುರಿ, ಕೂದಲಿನಂಥ ಎರಡೇ ಎಳೆ ಉಳಿದಿದ್ದವು. ಆ ಎರಡರಲ್ಲಿ ಮೀಟರಿಗೆ ಬೇಕಾದ ವೋಲ್ಟು ಬರುತ್ತದೆ, ಪಂಪಿಗೆ ಬೇಕಾದ ಬಲ ಬರುವುದಿಲ್ಲ.

ಬಟ್ಟೆಯಿಂದ ವೈರಿನ ಹೊರಮೈ ಒರೆಸಿದೆ. ಉಬ್ಬಿನ ಮೇಲೇ ಒಂದು ತೂತು. ಸಣ್ಣದು, ದುಂಡಗೆ, ದಬ್ಬಳದ ಗಾತ್ರದ್ದು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಹಾಗೆ ಸಟಕ್ಕನೆ ಹೆಬ್ಬೆರಳಿನಿಂದ ಆ ತೂತು ಮುಚ್ಚಿದೆ.

ಯಾಕೆಂದರೆ ಚುಚ್ಚಿದವನು ನಾನು. ನಾಲ್ಕು ತಿಂಗಳ ಹಿಂದೆ ಒಂದು ಮಧ್ಯಾಹ್ನ, ತಮ್ಮ ಊಟಕ್ಕೆ ಮನೆಗೆ ಹೋಗಿದ್ದಾಗ, ಕಳ್ಳನ ಹಾಗೆ ಈ ದೋಣಿಗೆ ಇಳಿದಿದ್ದೆ. ಗಡ್ಡದವನು ಹಿಂದಿನ ದಿನ ನನ್ನ ಅಂಗಡಿ ಮುಂದೆಯೇ ನಿಂತು "ಮೀಟರ್ ಕೆಲಸ ಅಂದ್ರೆ ಕೆಲಸಾನಪ್ಪ" ಎಂದಿದ್ದ. ಒಂದಾದರೂ ಹುಳುಕು ಸಿಗಲಿ ಎಂದು ಹುಡುಕಿದೆ. ಈ ಕೆಂಪು ವೈರಿಗೆ ದಬ್ಬಳ ಚುಚ್ಚಿದೆ. ಬಲ್ಬು ಝಗ್ಗನೆ ಹೊತ್ತಿತು. ಕೆಲಸ ಅಪ್ಪಟವಾಗಿತ್ತು. ಆ ಸಿಟ್ಟಿನಲ್ಲಿ ಟೇಪು ಸುತ್ತುವುದನ್ನೂ ಮರೆತು ಎದ್ದು ಬಂದಿದ್ದೆ.

"ಏನದು ಅಣ್ಣ?"

"ಏನಿಲ್ಲ. ಕೊಳೆತಿದೆ. ವೈರು ಕಳಪೆ ಮಾಲು, ಇನ್ನೇನು."

"ಹೆಬ್ಬೆರಳು ತೆಗಿ."

"ನಾನು ಪರೀಕ್ಷೆ ಮಾಡೋನು. ನೀನು ದೂರ ನಿಲ್ಲು."

ಅವನು ಮೆಲ್ಲಗೆ ನನ್ನ ಬೆರಳು ಸರಿಸಿದ. ತೂತು ನೋಡಿದ. ಬೈಯುತ್ತಾನೆ, ಕೂಗಿ ಜನ ಸೇರಿಸುತ್ತಾನೆ ಎಂದುಕೊಂಡೆ. ಅವನು ಹಲಗೆಯ ಮೇಲೆ ಕುಸಿದು ಕೂತ.

"ನನ್ನ ತಪ್ಪು ಅಂತ ಬರಿ ಅಣ್ಣ."

"ಏನು?"

"ವೈರಿಂಗ್ ಸರಿ ಇರಲಿಲ್ಲ, ಹೊರಡೋ ಮುಂಚೆ ಸರಿಯಾಗಿ ನೋಡಲಿಲ್ಲ ಅಂತ ಬರಿ. ಅದು ಸುಳ್ಳೂ ಅಲ್ವಲ್ಲ. ತೂತಿನ ಮಾತು ಬೇಡ."

ನನ್ನ ಮೈಯೆಲ್ಲ ಉರಿಯಿತು. ನನ್ನ ದಬ್ಬಳದ ಗುರುತು ಇವನಿಗೆ ಗೊತ್ತಾಗಿದೆ, ಗೊತ್ತಾಗಿಯೂ ದೊಡ್ಡ ಮನುಷ್ಯನ ಹಾಗೆ ನನ್ನನ್ನು ಕ್ಷಮಿಸಲು ಹೊರಟಿದ್ದಾನೆ! ಕೆಲಸದಲ್ಲಿ ಗೆದ್ದದ್ದು ಸಾಲದೆ ಈಗ ಒಳ್ಳೆಯತನದಲ್ಲೂ ಗೆಲ್ಲಬೇಕೇ?

"ನಿನ್ನ ಭಿಕ್ಷೆ ಯಾವನಿಗೆ ಬೇಕೋ?" ಎಂದು ಕೂಗಿದೆ. "ಹೌದು, ನಾನೇ ಚುಚ್ಚಿದ್ದು. ನಾಲ್ಕು ತಿಂಗಳಾಯ್ತು. ನೀನು ಊಟಕ್ಕೆ ಹೋಗಿದ್ದೆ. ಬಂದೆ, ಚುಚ್ಚಿದೆ, ಹೋದೆ. ಸಾಕಾ?"

ಅವನು ಬೆಚ್ಚಲಿಲ್ಲ.

"ಅದು ಗೊತ್ತು ಅಣ್ಣ. ಆರು ವಾರದ ಹಿಂದೆ ತಳ ತೊಳೆಯುವಾಗ ಆ ತೂತು ಕಂಡೆ. ನಿನ್ನ ದಬ್ಬಳ ನನಗೆ ಗೊತ್ತಾಗಲ್ವಾ? ಆವತ್ತೇ ಆ ವೈರು ಪೂರ್ತಿ ಕಿತ್ತು ಬಿಸಾಕಿ ಹೊಸದು ಹಾಕಿದೆ. ಯಾರಿಗೂ ಹೇಳಲಿಲ್ಲ." ವೈರಿನ ತುದಿಗೆ ಕಟ್ಟಿದ್ದ ಚೀಟಿಯನ್ನು ನನ್ನ ಕಡೆ ತಿರುಗಿಸಿದ. ಅವನು ಹಾಕುವ ಪ್ರತಿ ವೈರಿಗೂ ತಾರೀಖಿನ ಚೀಟಿ ಕಟ್ಟುತ್ತಾನೆ. ಆರು ವಾರದ ಹಿಂದಿನ ತಾರೀಖೇ ಅದರಲ್ಲಿತ್ತು. "ಇದು ಆ ಹೊಸ ವೈರು. ನೀನು ಚುಚ್ಚಿದ್ದಲ್ಲ."

ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ ತಲೆ ಓಡಿತು. ತೂತು ನನ್ನ ದಬ್ಬಳದ್ದೇ, ಅದರಲ್ಲಿ ಅನುಮಾನವಿಲ್ಲ. ನಾನಂತೂ ಎರಡನೇ ಸಲ ಬಂದಿಲ್ಲ.

"ಹಾಗಾದ್ರೆ ಯಾರು?"

"ಬರಿ ಅಣ್ಣ. ಮೂರೂವರೆ ಆಯ್ತು. ನನ್ನ ಹೆಸರು ಬರೆದು ಮುಗಿಸು."

"ಯಾರು ಅಂತ ಕೇಳ್ದೆ."

"ಯಾರೋ. ಈಗ ಅದು ಯಾಕೆ?"

"ಲೋ, ಗಡ್ಡದವನು ಬದುಕ್ತಾನೋ ಇಲ್ಲವೋ ಗೊತ್ತಿಲ್ಲ. ನಿನ್ನ ಹೆಂಡತಿಗೆ ಈಗ ಏಳು ತಿಂಗಳು. ನೀನು ಜೈಲಿಗೆ ಹೋಗೋಕೆ ಯಾಕಿಷ್ಟು ಅವಸರ ಮಾಡ್ತಿದ್ದೀಯ? ಯಾರನ್ನ ಮುಚ್ಚಿಡ್ತಿದ್ದೀಯ?"

ನಾನು ಲೆಕ್ಕ ಹಾಕಿದೆ. ಬಲ್ಬು ಯಾವಾಗಲೂ ನನ್ನ ಅಂಗಡಿಯ ಮೊಳೆಗೆ ನೇತಾಡುತ್ತಿರುತ್ತದೆ. ಅಂಗಡಿಗೆ ಇರುವುದು ಎರಡೇ ಬೀಗದ ಕೈ. ಒಂದು ನನ್ನ ಜೇಬಿನಲ್ಲಿ. ಇನ್ನೊಂದು...



ಹದಿನೈದು ವರ್ಷ ನನ್ನ ಪಕ್ಕ ಕೂತು ವೈರು ಕತ್ತರಿಸಿ ಕೊಟ್ಟವಳು, ಬಲ್ಬು ಹಚ್ಚಿ ನೋಡಿ "ರೀ, ಇದು ಸರಿ ಇದೆ, ಆ ಕಡೆ ನೋಡಿ" ಎಂದು ನನಗೇ ಹೇಳುವವಳು ಈ ಊರಲ್ಲಿ ಒಬ್ಬಳೇ ಇದ್ದಾಳೆ.

"ನಿನ್ನ ಅತ್ತಿಗೆ ಇಲ್ಲಿಗೆ ಬಂದಿದ್ಲಾ?"

ತಮ್ಮನ ಕಣ್ಣು ತುಂಬಿತು. ಅಷ್ಟು ಸಾಕಾಗಿತ್ತು, ಆದರೂ ಹೇಳಿಸಿದೆ.

"ಹೊಸ ವೈರು ಹಾಕಿದ ಮೂರನೇ ದಿನ ಬಂದ್ರು. 'ಎಲ್ಲರೂ ಹೊಗಳ್ತಾರಲ್ಲ, ನಂಗೂ ತೋರಿಸೋ ನಿನ್ನ ಕೆಲಸ' ಅಂದ್ರು. ನಂಗೆ ಎಷ್ಟು ಖುಷಿಯಾಯ್ತು ಗೊತ್ತಾ ಅಣ್ಣ? ಮೂರು ವರ್ಷದಲ್ಲಿ ಮೊದಲನೇ ಸಲ ಮಾತಾಡಿಸಿದ್ದು. ಹಲಗೆ ಎತ್ತಿ, ಇದು ಇಲ್ಲಿಂದ ಬರುತ್ತೆ, ಅದು ಅಲ್ಲಿಗೆ ಹೋಗುತ್ತೆ ಅಂತ ನಾನೇ ಎಲ್ಲ ತೋರಿಸಿದೆ. ಫೋನ್ ಬಂತು, ಜೆಟ್ಟಿ ಮೇಲೆ ಹೋಗಿ ಮಾತಾಡಿ ಬಂದೆ. ಅಷ್ಟರಲ್ಲಿ ಹಲಗೆ ಮುಚ್ಚಿ ಹೊರಟಿದ್ರು. ಈಗ ಈ ತೂತು ನೋಡಿದ ಮೇಲೇ ನಂಗೆ ಹೊಳೆದಿದ್ದು."

"ಹೊಳೆದ ಮೇಲೂ ನಿನ್ನ ಹೆಸರು ಬರಿ ಅಂತೀಯಾ?"

"ಅಮ್ಮ ಹೋದಾಗ ನಂಗೆ ಆರು ವರ್ಷ. ತಲೆ ಬಾಚಿ ಸ್ಕೂಲಿಗೆ ಕಳಿಸಿದ್ದು ಯಾರು? ಜ್ವರ ಬಂದಾಗ ಪಕ್ಕದಲ್ಲಿ ಮಲಗ್ತಿದ್ದಿದ್ದು ಯಾರು? ನೀನಾ?" ಅವನು ಮೂಗು ಒರೆಸಿಕೊಂಡ. "ಅವರು ಗಡ್ಡದವರನ್ನ ಮುಳುಗಿಸಬೇಕು ಅಂತ ಮಾಡಿರಲ್ಲ ಅಣ್ಣ. ಪಂಪು ನಿಂತು ನನ್ನ ಹೆಸರು ಸ್ವಲ್ಪ ಕೆಡಲಿ ಅಂತ ಮಾಡಿರ್ತಾರೆ. ಅವರನ್ನ ಸ್ಟೇಷನ್ ಮೆಟ್ಟಿಲು ಹತ್ತಿಸ್ತೀಯಾ?"

ಅವಳ ಮೇಲಿನ ಸಿಟ್ಟಿಗಿಂತ, ಗಡ್ಡದವನ ಮೇಲಿನ ಮರುಕಕ್ಕಿಂತ, ಆ ಹಾಳು ಹೊಟ್ಟೆಕಿಚ್ಚೇ ಮತ್ತೆ ಮೇಲೆದ್ದು ಬಂತು. ನನ್ನ ಹೆಂಡತಿಗಾಗಿ ಜೈಲಿಗೆ ಹೋಗಲು ನನಗಿಂತ ಮುಂಚೆ ಇವನು ತಯಾರಾಗಿದ್ದ. ಅವಳನ್ನು ಉಳಿಸುವುದರಲ್ಲೂ ಇವನೇ ಮುಂದೆ!

ಇದೊಂದರಲ್ಲಿ ಬಿಟ್ಟುಕೊಡಬಾರದು ಎನಿಸಿತು.

ಕಾಗದ ತೆಗೆದು ತೊಡೆಯ ಮೇಲಿಟ್ಟುಕೊಂಡು ಬರೆದೆ. ಪಂಪಿನ ಕೆಂಪು ವೈರಿಗೆ ದಬ್ಬಳ ಚುಚ್ಚಿ ಹಾಳು ಮಾಡಿದ್ದು ನಾನು. ತಮ್ಮನ ಮೇಲಿನ ಮತ್ಸರದಿಂದ ಬೇಕೆಂದೇ ಮಾಡಿದೆ. ಅವನ ಕೆಲಸದಲ್ಲಿ ದೋಷವಿಲ್ಲ. ಕೆಳಗೆ ಸಹಿ ಹಾಕಿದೆ. ಕೊನೆಯ ಸಾಲು ಬರೆಯುವಾಗ ಮಾತ್ರ ಕೈ ಸ್ವಲ್ಪ ತಡೆಯಿತು.

"ಹುಚ್ಚಾ ನಿಂಗೆ?" ತಮ್ಮ ಕಾಗದಕ್ಕೆ ಕೈ ಹಾಕಿದ. "ಕೊಡು ಇಲ್ಲಿ!"

"ಬಿಡೋ! ದೊಡ್ಡವನು ನಾನು."

ಇಬ್ಬರೂ ಅತ್ತಿತ್ತ ಎಳೆದಾಡುತ್ತಿರುವಾಗ ಮೇಲೆ ಬೂಟಿನ ಸದ್ದು ಕೇಳಿಸಿತು. ಬಂದರಿನ ಮೇಡಂ ಜೆಟ್ಟಿಯ ಅಂಚಿನಲ್ಲಿ ನಿಂತಿದ್ದರು. ಅವರ ಹಿಂದೆ, ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಹೆಂಡತಿ.

"ಮುಗೀತಾ ಮೇಸ್ತ್ರಿ?"

ಕಾಗದ ಎತ್ತಿ ಕೊಟ್ಟೆ. ತಮ್ಮ ತಲೆ ಮೇಲೆ ಕೈ ಹೊತ್ತ. ಮೇಡಂ ಎರಡು ಸಲ ಓದಿದರು. ಆಮೇಲೆ ಕೈಯಲ್ಲಿದ್ದ ಫೈಲಿನಿಂದ ಇನ್ನೊಂದು ಹಾಳೆ ತೆಗೆದು, ಎರಡನ್ನೂ ಅಕ್ಕಪಕ್ಕ ಹಿಡಿದರು.

"ಇವರು ಮಧ್ಯಾಹ್ನವೇ ಆಫೀಸಿಗೆ ಬಂದು ಇದನ್ನ ಬರೆದುಕೊಟ್ರು. ನಾನು ನಂಬಿರಲಿಲ್ಲ. ಗಂಡನ ತಪ್ಪನ್ನ ಮೈಮೇಲೆ ಹಾಕ್ಕೊಳ್ತಿದ್ದಾರೆ ಅಂದ್ಕೊಂಡಿದ್ದೆ. ಈಗ ನಿಮ್ಮದು ಓದಿದ ಮೇಲೆ ಎರಡೂ ಹೊಂದುತ್ತೆ."

"ಏನು ಹೊಂದುತ್ತೆ ಮೇಡಂ? ಅವಳಿಗೇನೂ ಗೊತ್ತಿಲ್ಲ. ಮಾಡಿದ್ದು ನಾನೊಬ್ಬನೇ."

"ಚುಚ್ಚಿದ ಕೈ ನಂದು," ಎಂದಳು ನನ್ನ ಹೆಂಡತಿ. ದನಿ ಕಲ್ಲಿನಂತಿತ್ತು. "ಎಲ್ಲಿ ಚುಚ್ಚಬೇಕು, ಎಷ್ಟು ದಿನಕ್ಕೆ ಕೊಳೆಯುತ್ತೆ ಅಂತ ಹೇಳಿದ್ದು ಇವರು."

"ನಾನೆಲ್ಲೇ ಹೇಳಿದೆ?"

"ಆರು ವಾರ ಆಯ್ತು. ಊಟಕ್ಕೆ ಕೂತಾಗ. ತಟ್ಟೆ ತಳ್ಳಿ ಏನಂದ್ರಿ? 'ಮೀಟರ್ ಕೆಲಸವಂತೆ ಮೀಟರ್ ಕೆಲಸ! ಆ ಹಳದಿ ದೋಣಿ ಪಂಪಿನ ಹತ್ತಿರ ವೈರಿಗೆ ಒಂದು ತೂತು ಸಾಕು, ತಿಂಗಳೊಪ್ಪತ್ತಲ್ಲಿ ಕೊಳೆತು ಅವನ ಹೆಸರು ನೀರಿಗೆ ಬೀಳುತ್ತೆ' ಅಂದ್ರಿ. ಮರುದಿನವೂ ಅಂದ್ರಿ. ಅದರ ಮರುದಿನವೂ ಅಂದ್ರಿ. ಮೂರು ವರ್ಷದಿಂದ ಮನೇಲಿ ಬೇರೆ ಮಾತೇ ಇಲ್ಲ. ಈ ಮನುಷ್ಯ ಹೀಗೇ ಕೊರಗಿ ಸಾಯ್ತಾರೆ ಅನ್ನಿಸ್ತು ನಂಗೆ."

ಅಂದಿದ್ದೆ. ಮೂರು ದಿನವೂ ಅಂದಿದ್ದೆ. ಕೈ ತೊಳೆದು ಎದ್ದು ಹೋದ ಮೇಲೆ ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ. ಅವಳಿಗಾಗಿ ಸುಳ್ಳು ಬರೆಯುತ್ತಿದ್ದೇನೆ ಎಂದುಕೊಂಡಿದ್ದೆನಲ್ಲ, ಆ ಕಾಗದದಲ್ಲಿ ಸುಳ್ಳು ಹೆಚ್ಚೇನೂ ಇರಲಿಲ್ಲ.

"ಇದು ಇನ್ನು ಕೆಲಸದ ತಪ್ಪಲ್ಲ ಮೇಸ್ತ್ರಿ," ಮೇಡಂ ಪೆನ್ನು ತೆಗೆದರು. "ಗಂಡ ಹೆಂಡತಿ ಸೇರಿ ಮಾಡಿದ್ದಾ, ಇಲ್ಲ ಇವರೊಬ್ಬರೇ ಮಾಡಿದ್ದಾ, ಅಷ್ಟು ಹೇಳಿ. ಆಸ್ಪತ್ರೆಯಿಂದ ಯಾವ ಸುದ್ದಿ ಬರುತ್ತೆ ಅಂತ ಹೇಳೋಕಾಗಲ್ಲ. ಅದಕ್ಕೆ ಮುಂಚೆ ನಿಮ್ಮ ಮಾತು ನನ್ನ ಹಾಳೇಲಿ ಇರಬೇಕು. ನೀವು ಹೇಳಿದ್ರಾ?"

ಹೌದು ಎಂದರೆ ಇಬ್ಬರೂ ಜೈಲಿಗೆ ಹೋಗುತ್ತೇವೆ. ಅಲ್ಲ, ಅವಳನ್ನು ಉಳಿಸಲು ಸುಳ್ಳು ಬರೆದೆ ಎಂದರೆ ಅವಳೊಬ್ಬಳೇ. ಸಿಟ್ಟಲ್ಲಿ ಆಡಿದ ಮಾತಿಗೆ ಯಾವ ಸಾಕ್ಷಿಯೂ ಇರಲಿಲ್ಲ.

ತಮ್ಮ ನನ್ನ ತೋಳು ಹಿಡಿದ.

"ಅಣ್ಣ, ನಾನು ಮುಳುಗಲಿ ಅಂತ ನೀನು ಹಾಗೆ ಅಂದಿದ್ದೆಯಾ?"

ನಾನು ಹಲಗೆಯನ್ನೂ ಪಂಪನ್ನೂ ನೋಡುತ್ತಾ ನಿಂತೆ.

"ಹೇಳ್ರೀ," ಎಂದಳು ಅವಳು ಮೇಲಿನಿಂದ. "ಇವತ್ತಾದ್ರೂ ಅವನ ಮುಖ ನೋಡಿ ಮಾತಾಡಿ."